ಜೀರ್ಣೋದ್ಧಾರವಾದ ಮೇಲೆ

ಹಳೆಯ ಮೋಟಾರು ಕಾರೊಂದನ್ನು ಗುಜರಿಯಿಂದ ತಂದು, ತುಕ್ಕು ತೆಗೆಸಿ, ಬಣ್ಣ ಹಚ್ಚಿಸಿ ಬೀದಿಗಿಳಿಸಿದವನನ್ನು ಎಲ್ಲರೂ ಹೊಗಳುತ್ತಾರೆ. ಆ ಬಳಿಕ ಅದನ್ನು ಇಪ್ಪತ್ತು ವರ್ಷ ಓಡುವ ಸ್ಥಿತಿಯಲ್ಲಿಟ್ಟವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಉದ್ಧಾರಕ್ಕೆ ಸಲ್ಲುವ ಗೌರವ ಪಾಲನೆಗೆ ಸಲ್ಲದಿರುವುದು ನಮ್ಮ ಕಾಲದ ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ.

ನಮ್ಮ ಹಿರಿಯರು ಈ ವಿಷಯದಲ್ಲಿ ವಿವೇಕಿಗಳು. ದೇವಾಲಯ ಕಟ್ಟಿಸಿದ ದಾನಿಗಳು ಅಷ್ಟಕ್ಕೇ ತೃಪ್ತರಾಗದೆ, ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದೂ ನಂದಾದೀಪಕ್ಕೆಂದೂ ಭೂಮಿ ಬಿಟ್ಟುದನ್ನು ಶಾಸನಗಳಲ್ಲಿ ಕಾಣುತ್ತೇವೆ. ಕಟ್ಟಿದ್ದು ಒಡೆಯುತ್ತದೆ, ಬಿರಿಯುತ್ತದೆ, ಆಗ ನೋಡಿಕೊಳ್ಳುವವರು ಬೇಕು ಎಂಬ ಎಚ್ಚರ ಆ ಮಾತಿನಲ್ಲಿದೆ.

ಜಯನಗರದ ನನ್ನ ಮನೆಯಲ್ಲಿರುವ ಮಾರಿಸ್ ಮೈನರ್ ನನಗೆ ದಿನವೂ ಈ ಪಾಠ ಹೇಳುತ್ತದೆ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಬ್ರಿಟಿಷ್ ಕಾರು ಲೋಕಕ್ಕೆ ಬಂದುದು 1948ರಲ್ಲಿ. ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದುದೂ ಅದೇ ವರ್ಷ. ಇದರ ಮುಂದಿನ ಚಕ್ರಗಳನ್ನು ಹಿಡಿದಿರುವ ತಿರುಪಿನ ಕೀಲುಗಳಿಗೆ ತಪ್ಪದೆ ಗ್ರೀಸು ತುಂಬಬೇಕು. ಒಣಗಿದರೆ ಎಳೆ ಸವೆದು ಚಕ್ರವೇ ಕಳಚಿ ಮಡಿದುಬಿಡುವುದುಂಟು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯಲ್ಲಿ ಅಡಗಿದೆ; ಅದರ ದ್ರವ ಎಷ್ಟಿದೆಯೆಂದು ನೋಡುವುದಕ್ಕೂ ನೆಲಹಾಸನ್ನು ಎತ್ತಬೇಕು. ಇಂದಿನ ಕಾರುಗಳಿಗೆ ವಿರುದ್ಧವಾಗಿ, ಬ್ಯಾಟರಿಯ ಧನಾಗ್ರವೇ ಕಾರಿನ ಮೈಗೆ ಸೇರಿದೆ. ನಟ್ಟು ಬೋಲ್ಟುಗಳೆಲ್ಲ ಅಂಗುಲದ ಲೆಕ್ಕ. ಮಿಲಿಮೀಟರಿನ ಸ್ಪಾನರು ಅವುಗಳ ಮೂಲೆ ತಿನ್ನುತ್ತದೆ.

ಕಾಲವೂ ಹೊಸ ಪರೀಕ್ಷೆಗಳನ್ನು ಒಡ್ಡುತ್ತದೆ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತುದು ನಮ್ಮ ಬೆಂಗಳೂರಿನಲ್ಲಿಯೇ. ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ. ಗಾಳಿಯ ತೇವವನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಅದನ್ನು ತಾಳುವ ಹೊಸ ಕೊಳವೆ ಹಾಕಿಸಿ, ಕಾರನ್ನು ಆಗಾಗ ಓಡಿಸುತ್ತಿರುವುದೇ ಮದ್ದು. ಹೀಗೆ ಬದಲಿಸಿದರೆ ಮೂಲಸ್ವರೂಪ ಕೆಟ್ಟಿತೆಂದು ಕೆಲವರು ಮೂಗು ಮುರಿಯುತ್ತಾರೆ. ಎಣ್ಣೆ, ಬತ್ತಿ ಬದಲಾದುದರಿಂದ ನಂದಾದೀಪ ಬೇರೆಯಾಯಿತೆ?

ನನ್ನ ಚಿಂತೆ ಕೊಳವೆಯದಲ್ಲ, ಕೈಯದು. ಕೊಳವೆ ಕೊಂಡರೆ ಸಿಗುತ್ತದೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಿದೆ. ಎಂಜಿನ್ನಿನ ಸದ್ದು ಕೇಳಿಯೇ ಕಾರ್ಬುರೇಟರಿನ ದೋಷವನ್ನು ಹೇಳಬಲ್ಲ ಮೇಸ್ತ್ರಿ ಅಂಗಡಿಯಲ್ಲಿ ಸಿಗುವವನಲ್ಲ. 2014ರವರೆಗೆ ನಮ್ಮಲ್ಲಿ ತಯಾರಾದ ಅಂಬಾಸಿಡರ್ ಕಾರು ಮಾರಿಸ್ ಆಕ್ಸ್‌ಫರ್ಡಿನ ಸಂತತಿ. ಆದುದರಿಂದ ಈ ವಂಶದ ಯಂತ್ರಗಳು ನಮ್ಮ ಹಿರಿಯ ಮೇಸ್ತ್ರಿಗಳಿಗೆ ಕರತಲಾಮಲಕ. ಅಂಬಾಸಿಡರುಗಳು ಬೀದಿಯಲ್ಲಿ ವಿರಳವಾದಂತೆ ಹೊಸಬರು ಆ ವಿದ್ಯೆ ಕಲಿಯುವ ಅವಕಾಶವೂ ವಿರಳವಾಗುತ್ತಿದೆ. ಗ್ರಂಥ ಉಳಿದು ಅದನ್ನು ಓದಬಲ್ಲವರು ಅಳಿದರೆ ಆಗುವ ನಷ್ಟದ ಬಗೆಯದೇ ಇದು.

ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಹೆಸರನ್ನು ಅವನ ಶಿಲ್ಪಗಳ ಕೆಳಗೆ ಇಂದಿಗೂ ಓದಬಹುದು. ನಮ್ಮ ಮೇಸ್ತ್ರಿಯ ಹೆಸರು ರಸೀದಿಯಲ್ಲಿಯೂ ಇರುವುದಿಲ್ಲ. ಹಳೆಯ ಕಾರುಳ್ಳ ಪ್ರತಿಯೊಬ್ಬರೂ ಒಂದು ಪುಸ್ತಕವಿಟ್ಟು, ಯಾವ ಭಾಗ ಕೆಟ್ಟಿತು, ಹೇಗೆ ಸರಿಹೋಯಿತು, ಸರಿಪಡಿಸಿದವರಾರು ಎಂಬುದನ್ನು ಕನ್ನಡದಲ್ಲಿ ಬರೆದಿಡಲಿ. ಕೈಗಾರಿಕಾ ತರಬೇತಿ ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳನ್ನು ಇಂಥ ಮೇಸ್ತ್ರಿಗಳ ಬಳಿಗೆ ಕೆಲವು ವಾರವಾದರೂ ಕಳುಹಿಸಲಿ. ಮೇಸ್ತ್ರಿಗಳ ಕೈ ಗಟ್ಟಿಯಾಗಿರುವಾಗಲೇ ಈ ಕೆಲಸ ಆಗಬೇಕು.