ಕೆಂಗೇರಿಯಿಂದ ಕುದೂರಿನ ತನಕ
ವ್ಯಾನನ್ನೇ ಮನೆ ಮಾಡಿಕೊಂಡು ಕ್ಯಾಲಿಫೋರ್ನಿಯಾದ ಸಿಕೋಯಾ ಮರಗಳ ನಡುವೆ ಸುತ್ತುವ ದಂಪತಿಗಳ ವಿಡಿಯೊ ನೋಡಿ ಆಸೆಪಡುವ ವಿಜಯನಗರ, ಬಸವೇಶ್ವರನಗರದ ಜೋಡಿಗಳಿಗೆ ನನ್ನದೊಂದು ಒತ್ತಾಯ: ಒಂದು ಭಾನುವಾರ ಕೆಂಗೇರಿ ದಾಟಿ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಹೋಗಿ. ಸುಮಾರು 400 ವರ್ಷದ ಮರ, ಹರಡಿರುವುದು ಮೂರು ಎಕರೆ. ಮೂಲ ಕಾಂಡ ರೋಗ ಬಂದು ಎಂದೋ ಅಳಿಯಿತು. ಕೊಂಬೆಗಳಿಂದ ಇಳಿದ ಬಿಳಲುಗಳೇ ನೆಲ ಹಿಡಿದು, ಬಲಿತು, ಮರವನ್ನು ಹೊತ್ತು ನಿಂತಿವೆ. 2024ರ ಜೂನ್ ಮಳೆಗೆ ಒಂದು ಭಾಗ ಉರುಳಿತು, ನಾಳೆ ನೋಡೋಣ ಎನ್ನಬೇಡಿ. ಅಲ್ಲಿಂದ ಸಾವನದುರ್ಗದ ಬಂಡೆ ನೋಡಿಕೊಂಡು ಮಾಗಡಿ ಮೇಲೆ ಕುದೂರಿಗೆ ಬನ್ನಿ. ಹುಲಿಕಲ್–ಕುದೂರು ರಸ್ತೆಯ 385 ಆಲಗಳನ್ನು ನೆಟ್ಟವರೂ ಗಂಡಹೆಂಡಿರೇ, ತಿಮ್ಮಕ್ಕ ಮತ್ತು ಚಿಕ್ಕಯ್ಯ. ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಅವರು ಸಾಕಿದ ಆ ಸಾಲಿನಲ್ಲಿ ಮಾತ್ರ ಕಾರು ನಿಲ್ಲಿಸಿ, ನಡೆದೇ ಹೋಗಿ.