ಹೇಳಿ ಮುಗಿಯದ ಮಾತು

ಗೆಳತಿಯ ಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದೆವು. ಬೆರಳ ಸಂದಿಯಿಂದ ಬೇಳೆ ಚಿಮ್ಮಿಸುವುದರಲ್ಲೇ ಮುಳುಗಿದ್ದ ಎಂಟು ವರ್ಷದ ಮಗಳು ತಲೆ ಎತ್ತದೆ ಕೇಳಿದಳು: ‘ಅಮ್ಮಾ, ಆ ಅಮ್ಮ ನನ್ನ ಯಾಕೆ ಕೊಟ್ಬಿಟ್ಳು?’

ತಾನು ದತ್ತು ಬಂದವಳೆಂಬುದು ಅವಳಿಗೆ ಹೊಸ ಸುದ್ದಿಯಲ್ಲ. ಮೂರು ವರ್ಷದವಳಿದ್ದಾಗಲೇ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ಕುಣಿಯುತ್ತಿದ್ದಳು. ‘ಎಲ್ಲ ಹೇಳಿದ್ನಲ್ಲ, ಈಗ್ಯಾಕೆ ಈ ಸಂಕಟ?’ ಎಂದು ಗೆಳತಿ ಆಮೇಲೆ ನನ್ನೆದುರು ಕಣ್ಣೊರೆಸಿಕೊಂಡಳು.

ಮಕ್ಕಳು ದತ್ತನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್‌ಜಿನ್‌ಸ್ಕಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಪುಟ್ಟ ಮಕ್ಕಳ ಬಾಯಲ್ಲಿ ಆ ಪದ ಇರುತ್ತದೆ, ಅರ್ಥ ಇರುವುದಿಲ್ಲ. ಆರು ದಾಟಿದ ಮೇಲೆ ಹೆರುವುದು ಬೇರೆ, ಸಾಕುವುದು ಬೇರೆ ಎಂದು ಹೊಳೆಯುತ್ತದೆ. ಎಂಟರ ಆಸುಪಾಸಿನಲ್ಲಿ ಇನ್ನೊಂದು ಲೆಕ್ಕ ಎದುರಾಗುತ್ತದೆ: ಈ ಮನೆಗೆ ನಾನು ಸಿಗಬೇಕಾದರೆ ಇನ್ಯಾರೋ ನನ್ನನ್ನು ಬಿಟ್ಟಿರಬೇಕು. ಬುದ್ಧಿ ಬಲಿತದ್ದಕ್ಕೇ ಬರುವ ದುಃಖ ಇದು. ಹದಿನಾಲ್ಕಕ್ಕೆ ಮತ್ತೆ ಬೇರೆ ಪ್ರಶ್ನೆಗಳು. ಹದಿನೆಂಟು ತುಂಬಿದವರು ತಮ್ಮ ಮೂಲವನ್ನು ಹುಡುಕಲು ಸ್ವತಃ ಅರ್ಜಿ ಹಾಕಬಹುದೆಂದು ನಮ್ಮ 2022ರ ದತ್ತು ನಿಯಮಗಳೂ ಹೇಳುತ್ತವೆ.

ಮುಚ್ಚಿಡುವುದೇ ಕ್ಷೇಮ ಎಂದು ನಂಬಿದ ಮನೆಗಳಲ್ಲಿ ಗುಟ್ಟು ಮದುವೆ ಚಪ್ಪರದಲ್ಲೋ ಆಸ್ತಿ ಜಗಳದಲ್ಲೋ ಯಾರದೋ ಬಾಯಿಂದ ಉದುರುತ್ತದೆ. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನ ಹುಟ್ಟಿನ ಮಾತೆತ್ತುವುದೂ ಯುದ್ಧ ಹೊಸ್ತಿಲಿಗೆ ಬಂದಾಗ, ಅವನಿಂದ ಕೆಲಸ ಆಗಬೇಕಿದ್ದಾಗ. ಆಗ ವ್ಯಾಸರ ಕರ್ಣ ಕೊಡುವ ಉತ್ತರ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ತನ್ನ ಮೇಲಿನ ಮಮತೆಗೆ ಸಾಕುತಾಯಿ ರಾಧೆಯ ಎದೆಯಲ್ಲಿ ಹಾಲಿಳಿದದ್ದು, ಅವಳು ತನ್ನ ಮಲಮೂತ್ರ ಬಳಿದದ್ದು ನೆನೆದು, ಅಂಥವಳಿಗೆ ಪಿಂಡ ತಪ್ಪಿಸಲಾರೆ ಎನ್ನುತ್ತಾನೆ. ಮೂಲ ತಿಳಿದ ಮಗು ಕೈತಪ್ಪಿ ಹೋದೀತೆಂದು ಹೆದರುವ ತಾಯಂದಿರು ಆ ಭಾಗವನ್ನೊಮ್ಮೆ ಓದಬೇಕು.

‘ನಿನ್ನ ಮೇಲಿನ ಪ್ರೀತಿಗೇ ಕೊಟ್ಟಳು’ ಎಂಬ ಸಮಾಧಾನ ಮಾತ್ರ ಬೇಡ. ಪ್ರೀತಿಸುವವರು ಕೊಟ್ಟುಬಿಡುತ್ತಾರೆ ಎಂದಾದರೆ, ಪ್ರೀತಿಸುವ ನೀವೂ ಒಂದು ದಿನ ಕೊಟ್ಟೀರಿ ಎಂದು ಮಗು ಒಳಗೇ ಅಂಜುತ್ತದೆ.

ಗೆಳತಿ ಹಾಗೆ ಹೇಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ನಂಗೊತ್ತಿಲ್ಲ ಪುಟ್ಟಿ. ಅವಳಿಗೇನೋ ಕಷ್ಟ ಇದ್ದಿರ್ಬೇಕು. ನಿನ್ನ ತಪ್ಪಂತೂ ಏನೂ ಇರ್ಲಿಲ್ಲ.’

ಮಗು ಸ್ವಲ್ಪ ಹೊತ್ತು ಸುಮ್ಮನಿತ್ತು. ‘ಅವಳಿಗೂ ಹಿತಕಿದ ಬೇಳೆ ಸಾರು ಇಷ್ಟಾನಾ?’

‘ಇರಬಹುದು ಕಣೇ,’ ಎಂದು ಗೆಳತಿ ಪಾತ್ರೆಯನ್ನು ಅವಳತ್ತ ಸರಿಸಿದಳು.