ಅಂಗಳದ ಕೋಳಿ, ಕಾನಿನ ಕೋಳಿ

ಹೈದರಾಲಿ ಅಥವಾ ಟಿಪ್ಪುವಿನ ಕಾಲದಲ್ಲಿ ಬೇಟೆಗೆ ಪ್ರಾಣಿಗಳು ಹೇರಳವಾಗಿ ದೊರೆಯುತ್ತಿದ್ದುದರಿಂದ ಶಿಕಾರಿಪುರಕ್ಕೆ ಆ ಹೆಸರು ಬಂದಿತೆಂದು ಪ್ರತೀತಿ. ಅಲ್ಲಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬದ ಕಡೆಗೆ ಹೊರಟರೆ, ಕುರುಚಲು ಕಾಡು ಹಿಂದುಳಿದು, ಗದ್ದೆಗಳ ನಡುವೆ ಕಡುಹಸುರಿನ ಕಾನುಗಳು ಕಾಣತೊಡಗುತ್ತವೆ. ಕಳೆದ ಬೇಸಗೆಯಲ್ಲಿ ಅಂಥದೊಂದು ಕಾನಿನ ಅಂಚಿನಲ್ಲಿರುವ ಬಂಧುಗಳ ಮನೆಯಲ್ಲಿ ಎರಡು ದಿನ ತಂಗಿದ್ದೆ.

ಬೆಳಗಿನ ಜಾವ ಅಂಗಳದ ಹುಂಜ ಕೂಗಿತು. ಅದಕ್ಕೆ ಉತ್ತರವೋ ಎಂಬಂತೆ ಕಾನಿನೊಳಗಿಂದ ಒಡಕುದನಿಯೊಂದು, ತುಂಡುತುಂಡಾಗಿ, "ಕುಕ್, ಕಾಯಕ್, ಕ್ಯುಕ್ ಕ್ಯುಕ್" ಎಂದಿತು. ಜೊತೆಗಿದ್ದ ತಂಗಿಯ ಮಗಳು ಕೇಳಿದಳು: "ಮಾಮ, ಕಾಡಿನದು ನಮ್ಮ ಕೋಳಿಗೆ ಅಜ್ಜನೇ?"

ಹುಡುಗಿಯ ಪ್ರಶ್ನೆ ಸಾಮಾನ್ಯವಾದುದಲ್ಲ. ನಮ್ಮ ದೇಶದಲ್ಲಿ ಕಾಡುಕೋಳಿಗಳು ಎರಡು ಜಾತಿ. ಹಿಮಾಲಯದ ತಪ್ಪಲಿನಿಂದ ಮಧ್ಯಭಾರತದವರೆಗೂ, ಪೂರ್ವಕ್ಕೆ ಬರ್ಮ, ಸಯಾಮುಗಳಲ್ಲಿಯೂ ಇರುವುದು ಕೆಂಪು ಕಾಡುಕೋಳಿ. ಅದರ ಹುಂಜದ ಕೊರಳು ಹೊಂಬಣ್ಣ, ಕಾಲು ಬೂದು. ಕೂಗು ಮನೆಯ ಹುಂಜದಂತೆಯೇ, ಆದರೆ ಕೊನೆಯಲ್ಲಿ ತಟ್ಟನೆ ನಿಲ್ಲುತ್ತದೆ. ನಮ್ಮ ಮಲೆನಾಡಿನದು ಬೂದು ಕಾಡುಕೋಳಿ. ಇದರ ಕೊರಳಿನ ಕಪ್ಪು ಗರಿಗಳ ಮೇಲೆ ಅರಗಿನ ಹನಿ ತೊಟ್ಟಿಕ್ಕಿದಂತೆ ಹಳದಿ ಚುಕ್ಕೆಗಳು. ಹೇಂಟೆಗಳಲ್ಲಿಯೂ ವ್ಯತ್ಯಾಸವುಂಟು: ಕೆಂಪು ಜಾತಿಯದಕ್ಕೆ ಕಂದು ಎದೆ, ನಮ್ಮದಕ್ಕೆ ಕಪ್ಪು ಅಂಚಿನ ಬಿಳಿ ಎದೆ, ಹಳದಿ ಕಾಲು.

ಸಾಕುಕೋಳಿಗೆ ಬೂದು ಜಾತಿಯೇ ಮೂಲವೆಂದು ಒಂದು ಕಾಲದಲ್ಲಿ ಹಲವರು ನಂಬಿದ್ದರು. 1868ರಲ್ಲಿ ಡಾರ್ವಿನ್ ಮಹಾಶಯನು ಅದನ್ನು ಅಲ್ಲಗಳೆದು, ಕೆಂಪು ಜಾತಿಯೇ ಮೂಲವೆಂದು ವಾದಿಸಿದನು. ಅವನ ಮಾತೇ ನಿಂತಿತು. ಆದರೆ ಒಂದು ತೊಡಕು ಉಳಿಯಿತು: ಬೂದು ಕಾಲಿನ ವಂಶಕ್ಕೆ ಹಳದಿ ಕಾಲು ಎಲ್ಲಿಂದ ಬಂದಿತು? 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಬಿಡಿಸಿದರು. ಸೊಪ್ಪು, ಜೋಳಗಳಲ್ಲಿರುವ ಹಳದಿ ದ್ರವ್ಯವನ್ನು ಕೆಂಪು ಕೋಳಿಯ ಚರ್ಮವು ಒಡೆದುಹಾಕುತ್ತದೆ. ಹಳದಿ ಕಾಲಿನ ಸಾಕುಕೋಳಿಯ ಚರ್ಮದಲ್ಲಿ ಆ ಕೆಲಸ ಬಹಳ ಮಟ್ಟಿಗೆ ನಿಂತಿರುವುದರಿಂದ ಬಣ್ಣವು ಅಲ್ಲಿಯೇ ತಂಗುತ್ತದೆ. ಇದಕ್ಕೆ ಕಾರಣವಾದ ವಂಶಾಣು ಬಂದಿರುವುದು ಬೂದು ಕಾಡುಕೋಳಿಯಿಂದಲೇ ಇರಬೇಕೆಂದು ಅವರು ತೋರಿಸಿಕೊಟ್ಟರು. ಮನುಷ್ಯನ ಮನೆ ಸೇರಿದ ಕೋಳಿಯು ದಕ್ಷಿಣದ ಕಾಡಿನೊಡನೆ ಎಂದೋ ನೆಂಟಸ್ತನ ಬೆಳೆಸಿತ್ತು!

"ಅಜ್ಜನಲ್ಲಮ್ಮ, ಬೀಗರು. ಹಳದಿ ಕಾಲು ಅವರು ಕೊಟ್ಟ ಬಳುವಳಿ" ಎಂದೆ. ಹುಡುಗಿ ನಕ್ಕು, ಅಂಗಳದ ಕೋಳಿಗಳ ಕಾಲು ನೋಡಲು ಓಡಿದಳು.

ಮನೆಯ ಹಿರಿಯರು ನಗಲಿಲ್ಲ. "ನಮ್ಮ ಹುಡುಗತನದಲ್ಲಿ ಈ ಕಾನಿನ ನಾಲ್ಕು ಮೂಲೆಯಿಂದಲೂ ಕೂಗು ಬರುತ್ತಿತ್ತು. ಈಗ ಕೇಳುವುದು ಇದೊಂದೇ" ಎಂದರು. ಕಾನಿನ ಒಂದು ಬದಿ ಶುಂಠಿ ಹೊಲವಾಗಿದೆ, ಇನ್ನೊಂದು ಬದಿಗೆ ಅಕೇಶಿಯ ಬಂದಿದೆ. ಉಳಿದಲ್ಲಿ ಉರುಳು ಒಡ್ಡುವವರಿದ್ದಾರೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧವೆಂಬುದು ಅವರಿಗೂ ಗೊತ್ತು. ಹಿಂದೊಮ್ಮೆ ಇಂಗ್ಲೆಂಡಿನ ಗಾಳಗಾರರು ಕೃತಕ ನೊಣ ಕಟ್ಟಲು ಈ ಕೊರಳಿನ ಗರಿಗಳಿಗೆ ಮುಗಿಬೀಳುತ್ತಿದ್ದರು. ಇಂದು ನಾಲಗೆಯ ಚಪಲ ಸಾಕಾಗಿದೆ.

ಬೂದು ಕಾಡುಕೋಳಿ ಭಾರತವನ್ನು ಬಿಟ್ಟು ಬೇರೆ ಯಾವ ದೇಶದ ಕಾಡಿನಲ್ಲಿಯೂ ಸಹಜವಾಗಿ ಇರುವುದಿಲ್ಲ. ಜಾತಿಯೇನೋ ಇಂದು ಅಳಿವಿನಂಚಿಗೆ ಬಂದಿಲ್ಲ. ಆದರೆ ಒಂದೊಂದು ಕಾನಿನ ಕೂಗು ಅಡಗುವುದು ಯಾವ ಲೆಕ್ಕಕ್ಕೂ ಸೇರದೆ ಹೋಗುತ್ತದೆ. ಮುಂದಿನ ರಜೆಯಲ್ಲಿ ಆ ಕಡೆ ಹೋಗುವ ವಾಚಕರು, "ಕಾಡುಕೋಳಿ ಸಿಕ್ಕಿದೆ, ಊಟಕ್ಕೆ ನಿಲ್ಲಿ" ಎಂದು ಯಾರಾದರೂ ಉಪಚರಿಸಿದರೆ, ಸಂಕೋಚಪಡದೆ ಬೇಡವೆನ್ನಿರಿ. ಬೀಗರನ್ನು ಬೇಯಿಸಿ ಬಡಿಸುವ ಸಂಪ್ರದಾಯ ನಮ್ಮಲ್ಲಿಲ್ಲ.